ಮೂರನೇ ಸ್ಟೇಜಿಗೆ ಬನ್ನಿ

ಗೇರುಬೀಜದ ಎಣ್ಣೆ ತಾಗಿ ತಾಗಿ ಜೆರ್ಟ್ರೂಡಳ ಹತ್ತು ಬೆರಳೂ ಸುಟ್ಟು ಕಪ್ಪಾಗಿದ್ದವು. ಮಂಗಳೂರಿನಿಂದ ಒಂದು ಗಂಟೆ ದಾರಿಯ ಅನಂತಪುರದ ಹತ್ತಿರದ ಫ್ಯಾಕ್ಟರಿಯಲ್ಲಿ ನಾವು ಮೂವತ್ತೆರಡು ಹೆಂಗಸರು ಬೀಜ ಒಡೆಯುತ್ತಿದ್ದೆವು. ಅವಳದ್ದು ಹದಿನೆಂಟು ವರ್ಷದ ಸರ್ವಿಸು. ೨೦೧೧ರ ಮಳೆಗಾಲದಲ್ಲಿ ಅವಳ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು.

ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, "ಕ್ಯಾನ್ಸರು. ಮೊದಲನೇ ಸ್ಟೇಜು, ಹೆದರಬೇಡಿ. ಈಗ ಆಪರೇಷನ್ ಮಾಡಿದರೆ ನಲವತ್ತು ಸಾವಿರದಲ್ಲಿ ಮುಗಿದೀತು. ಮೂರಕ್ಕೆ ಹೋದರೆ ಇಂಜೆಕ್ಷನ್, ಕರೆಂಟು ಕೊಡುವುದು ಎಲ್ಲ ಸೇರಿ ನಾಲ್ಕು ಲಕ್ಷ. ಜೀವದ ಗ್ಯಾರಂಟಿಯೂ ಕಡಿಮೆ" ಎಂದರು.

ನಮ್ಮ ಸಂಬಳದಿಂದ ತಿಂಗಳು ತಿಂಗಳು ಇಪ್ಪತ್ತು ರೂಪಾಯಿ 'ಕ್ಷೇಮನಿಧಿ' ಎಂದು ಹಿಡಿಯುತ್ತಿದ್ದರು. ಜೆರ್ಟ್ರೂಡ್ ಗೆಳತಿ ಕಿನ್ನಿಯನ್ನು ಕರೆದುಕೊಂಡು ಮ್ಯಾನೇಜರ್ ಲೋಕನಾಥನ ಎದುರು ನಿಂತಳು. ಅವನು ಡಾಕ್ಟರ ಕಾಗದ ಓದಿದ.

"ಗಂಭೀರ ಕಾಯಿಲೆಗೆ ಮಾತ್ರ ಅಂತ ನಿಯಮ ಉಂಟು. ಇದು ಬರೀ ಮೊದಲನೆಯದ್ದಲ್ವಾ? ಮೂರನೇ ಸ್ಟೇಜಿಗೆ ಬನ್ನಿ, ನೋಡುವ."

"ಅದಕ್ಕೆ ಎಷ್ಟು ದಿನ ಬೇಕು ಸರ್?" ಜೆರ್ಟ್ರೂಡ್ ವಿನಯದಿಂದ ಕೇಳಿದಳು.

"ಅದು ನಿಮ್ಮ ಪ್ರಯತ್ನ."

"ಬೇಗ ಪಾಸಾಗ್ಲಿಕ್ಕೆ ಟ್ಯೂಷನ್ ಎಂತಾದ್ರೂ ಉಂಟಾ ಸರ್?" ಎಂದಳು ಕಿನ್ನಿ.

ಮರುದಿನ ಯಾರೂ ಬೀಜ ಮುಟ್ಟಲಿಲ್ಲ. ಮೂವತ್ತೆರಡೂ ಜನ ಲೋಕನಾಥನ ಕೋಣೆಯ ಎದುರು ಸಾಲುಗಟ್ಟಿದೆವು.

"ನನ್ನ ಸೊಂಟನೋವು ಎಷ್ಟನೇ ಸ್ಟೇಜು ಸರ್?"

"ನನಗೆ ಬೆಳಿಗ್ಗೆಯಿಂದ ಬಿಕ್ಕಳಿಕೆ. ಇದು ಗಂಭೀರವಾ?"

ನನ್ನ ಸರದಿ ಬಂದಾಗ ನಾನು ಬಾಯಿ ಕಳೆದು ಹುಳುಕು ಹಲ್ಲು ತೋರಿಸಿದೆ. ಹನ್ನೊಂದನೆಯವಳು ಬರುವಷ್ಟರಲ್ಲಿ ಲೋಕನಾಥ ತಲೆನೋವಿನ ಮಾತ್ರೆ ಹುಡುಕತೊಡಗಿದ.

"ನಿಮ್ಮದು ಮೊದಲನೇ ಸ್ಟೇಜು ಸರ್. ಮಾತ್ರೆ ಈಗ ಸಿಗುವುದಿಲ್ಲ" ಎಂದಳು ಕಿನ್ನಿ.

ಗಲಾಟೆ ಕೇಳಿ ಧಣಿ ರೆಜಿನಾಲ್ಡರು ತಮ್ಮ ಕೋಣೆಯಿಂದ ಹೊರಗೆ ಬಂದರು. "ಮಾರಾಯ್ತಿ, ನಿಧಿಯಲ್ಲಿ ಹಣ ಎಲ್ಲಿ ಉಂಟು?" ಎಂದು ಬಾಯಿತಪ್ಪಿ ಹೇಳಿಬಿಟ್ಟರು. ಹಣ ಅವರ ಕೋಣೆಯ ಎ.ಸಿ.ಗೆ ಹೋಗಿತ್ತು. "ನಾನು ತಂಪಾಗಿದ್ದರೆ ನಿಮಗೇ ಕ್ಷೇಮ ಅಲ್ವಾ?"

ಜೆರ್ಟ್ರೂಡ್ ನೇರ ಅವರ ಕೋಣೆಗೆ ಹೋಗಿ, ಹದಿನೆಂಟು ವರ್ಷದಲ್ಲಿ ಮೊದಲ ಸಲ ಅಲ್ಲಿನ ಕುರ್ಚಿಯಲ್ಲಿ ಕುಳಿತಳು.

"ಗಂಟು ಕಾಯುವುದಿಲ್ಲ ಧಣಿಗಳೇ. ನಾನು ಕಾಯ್ತೇನೆ. ಇಲ್ಲೇ."

ಧಣಿಗಳು ಅವಳನ್ನು ಎಬ್ಬಿಸಲು ಒಳಗೆ ಬಂದರು. ಅವರ ಹಿಂದೆ ನಾವೂ ಬಂದೆವು. ಕಿನ್ನಿ ಎ.ಸಿ. ಆರಿಸಿದಳು. ಉಸಿರಾಡಲೂ ಜಾಗವಿರಲಿಲ್ಲ. ಅರ್ಧ ಗಂಟೆಯಲ್ಲಿ ಧಣಿಯ ಅಂಗಿ ಹಿಂಡುವಂತಾಯಿತು, ಚೆಕ್ ಪುಸ್ತಕ ಹೊರಬಂತು. ನಲವತ್ತು ಸಾವಿರ.

"ಹೀಗೆ ಎಲ್ಲರೂ ಮೊದಲನೇ ಸ್ಟೇಜಿಗೇ ಬಂದರೆ ನನ್ನ ಗತಿ ಎಂತ?"

"ನಿಮಗೇ ಅಗ್ಗ" ಎಂದಳು ಕಿನ್ನಿ. "ಜೆರ್ಟ್ರೂಡಳ ಆಪರೇಷನಿನ ದಿನ ನಾವೂ ಎದೆ ಪರೀಕ್ಷೆ ಮಾಡಿಸ್ಲಿಕ್ಕೆ ಹೋಗ್ತೇವೆ. ನಿಮ್ಮ ಲಾರಿ ಬೇಕು. ಸಂಬಳ ಕಟ್ ಮಾಡ್ಬಾರ್ದು."

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದಾಗ ಜೆರ್ಟ್ರೂಡ್ ಹೇಳಿದ ಮೊದಲ ಮಾತು, "ಮೀನಿನ ಸಾರು ಉಂಟಾ?"

ಆದರೆ ಸಂಜೆ ಹೊರಡುವಾಗ ನಮ್ಮಲ್ಲಿ ಇಬ್ಬರ ಕೈಯಲ್ಲಿ, ಹೆಚ್ಚಿನ ಪರೀಕ್ಷೆಗೆ ಮತ್ತೆ ಬರಬೇಕೆಂದು ಡಾಕ್ಟರು ಕೊಟ್ಟ ಚೀಟಿಗಳಿದ್ದವು. ಲಾರಿಯಲ್ಲಿ ಕಿನ್ನಿ ಆ ಎರಡೂ ಚೀಟಿಗಳನ್ನು ತನ್ನ ಕೈಗೆ ತೆಗೆದುಕೊಂಡಳು. ಡ್ರೈವರನ ಕ್ಯಾಬಿನ್ ತಟ್ಟಿದಳು.

"ನಮ್ಮ ಮನೆಗಳಿಗೆ ಆಮೇಲೆ ಹೋಗುವ. ಮೊದಲು ಧಣಿಗಳ ಮನೆಗೆ ಬಿಡು."