ಮಂಗಳ ಗ್ರಹಕ್ಕೊಂದು ಸಂಗೀತ

ತಾಂಬಾದ ರಾವಸಾಬ ಧಣಿಗಳು ಮುಂಬಯಿಗೆ ಹೋಗಿ ಒಂದು ಸಿನಿಮಾ ಮಾಡಿಸಿಕೊಂಡು ಬಂದರು. ಕಥೆ ಮಂಗಳ ಗ್ರಹದ್ದು. ಅಲ್ಲಿಯ ರಾಜ ಜರತಾರಿ ರುಮಾಲು ಸುತ್ತಿದ್ದ. ರಾಕೆಟ್ಟಿಗೆ ಕಿಟಕಿ ಇತ್ತು, ಕಿಟಕಿಗೆ ಹೂವಿನ ಪರದೆಯೂ ಇತ್ತು. ಹಿನ್ನೆಲೆ ಸಂಗೀತ ಮಾತ್ರ ಇರಲಿಲ್ಲ. ಮುಂಬಯಿಯ ಸಂಗೀತಗಾರರೆಲ್ಲ ಚಿತ್ರ ನೋಡಿದ ಕೂಡಲೇ ಬಿಡುವಿಲ್ಲದವರಾಗಿದ್ದರು.

ಹೀಗಾಗಿ ಆ ಭಾಗ್ಯ ಇಂಡಿ ಊರಿನ ರೇಡಿಯೋ ರಿಪೇರಿ ಚಮನಸಾಬನ ಪಾಲಿಗೆ ಬಂತು.

"ರೇಡಿಯೋದ ಕಿವಿ ತಿರುವಿದಾಗ ಕುಂಯ್ ಅಂತೈತೆಲ್ಲ, ಅದು ಈ ಭೂಮಿ ಸಪ್ಪಳಲ್ಲ. ಅದ ಬೇಕು ನನಗ," ಅಂದರು ಧಣಿಗಳು.

ಆ ಕುಂಯ್ ಅಡಗಿಸಿಯೇ ಇಷ್ಟು ದಿನ ಹೊಟ್ಟೆ ಹೊರೆದಿದ್ದ ಚಮನಸಾಬನ ಎದೆ ಉಬ್ಬಿತು. ಆದರೆ ಧಣಿಗಳು ಅವನೊಬ್ಬನನ್ನೇ ನಂಬಲಿಲ್ಲ. ಬಸವನ ಬಾಗೇವಾಡಿಯ ಹಾರ್ಮೋನಿಯಂ ಕಲಿಸುವ ಪೇಟಿ ಮಾಸ್ತರ ಮಲ್ಲಣ್ಣನನ್ನೂ ಜೋಡಿ ಮಾಡಿದರು.

"ರಾಗ ಇಲ್ಲದ್ದು ಸಂಗೀತ ಹೆಂಗಾಗ್ತೈತ್ರಿ ಸಾಬರ?"

"ಮಂಗಳ ಗ್ರಹಕ್ಕ ಪೇಟಿ ಯಾರ ಹೊತ್ಕೊಂಡು ಹೋಗ್ಯಾರ್ರಿ ಮಾಸ್ತರ?"

ಜಗಳದ ನಡುವೆಯೇ ಕೆಲಸ ಸಾಗಿತು. ಚಮನಸಾಬ ಎರಡು ರೇಡಿಯೋ ಎದುರುಬದುರಿಟ್ಟು ಕಿರುಚಿಸಿದ. ಪೇಟಿಯ ಸ್ವರವನ್ನು ಟೇಪಿಗೆ ಹಿಡಿದು, ನಿಧಾನ ತಿರುಗಿಸಿ, ಎಮ್ಮೆ ನರಳಿದಂತೆ ಮಾಡಿದ. ಅವನು ಚಹಾಕ್ಕೆ ಎದ್ದಾಗಲೆಲ್ಲ ಮಲ್ಲಣ್ಣ ಅದರ ಕೆಳಗೆ ಸದ್ದಿಲ್ಲದೆ ಭೈರವಿ ತುರುಕಿದ.

ಚಮನಸಾಬನ ಹೆಂಡತಿ ಜೈತುನಬಿ ಬಾಗಿಲಲ್ಲಿ ನಿಂತು, "ಕೆಟ್ಟವನ್ನ ನೆಟ್ಟಗ ಮಾಡೂದು ಬಿಟ್ಟು ನೆಟ್ಟಗಿದ್ದವನ್ನ ಕೆಡಸಾಕತ್ತೀರಲ್ರಿ!" ಎಂದು ಬೈದಳು. ಟೇಪು ತಿರುಗುತ್ತಲೇ ಇತ್ತು. ಆ ಬೈಗುಳವನ್ನು ಹಿಂದುಮುಂದು ಮಾಡಿ ಹಾಕಿದಾಗ ಅದೇ ಮಂಗಳ ಗ್ರಹದ ಭಾಷೆಯಾಯಿತು.

ಮೊದಲ ಆಟ ಸಿಂದಗಿಯ ಟೆಂಟಿನಲ್ಲಿ. ಪ್ರೊಜೆಕ್ಟರಿನ ಪಕ್ಕದಲ್ಲೇ ಟೇಪು ಇಟ್ಟುಕೊಂಡು ಚಮನಸಾಬ ನಿಂತ. ಜನರೇಟರು ಗೊರಗೊರ ಅಂದಹಾಗೆಲ್ಲ ಟೇಪು ಚಿತ್ರಕ್ಕಿಂತ ಹಿಂದೆ ಬಿತ್ತು. ರಾಕೆಟ್ಟು ಹಾರುವಾಗ ಭೈರವಿ ಬಂತು. ರಾಜನ ಮದುವೆಯಲ್ಲಿ, ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ, ಎರಡು ರೇಡಿಯೋಗಳು ಕಿರುಚಿಕೊಂಡವು.

"ಮಿಷಿನ್ ಕೆಟ್ಟೈತಿ!" ಎಂದು ಮಂದಿ ಕೂಗಿದರು. "ಇಂಡಿಯಿಂದ ಆ ಚಮನಸಾಬನ್ನ ಕರಸ್ರಪಾ!"

ಚಮನಸಾಬನ ಮುಖ ಸಣ್ಣದಾಯಿತು. ಟೇಪು ಬಂದ್ ಮಾಡಿದ. ಟೆಂಟಿನ ತುಂಬ ಚಪ್ಪಾಳೆ ಬಿತ್ತು. ಮುಂದಿನ ಕುರ್ಚಿಯಲ್ಲಿದ್ದ ಧಣಿಗಳು ಅದು ತಮಗೇ ಎಂದು ತಿಳಿದು ಎದ್ದು ಕೈಮುಗಿದರು.

ಸಿನಿಮಾ ಧಣಿಗಳ ಅಟ್ಟ ಸೇರಿತು. ಟೇಪಿನ ನಸೀಬು ಮಾತ್ರ ತೆರೆಯಿತು. ಮುದ್ದೇಬಿಹಾಳದ ಟೆಂಟಿನ ಮಾಲಕ ಅದನ್ನು ಕೇಳಿ ಒಯ್ದ. ಆಟ ಮುಗಿದರೂ ಏಳದೆ ಇನ್ನೊಂದು ಆಟ ಪುಕ್ಕಟೆ ನೋಡಲು ಕೂತವರನ್ನು ಓಡಿಸಲು ಅದಕ್ಕಿಂತ ಒಳ್ಳೆಯ ಉಪಾಯ ಅವನಿಗೆ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಚಮನಸಾಬ ಅದನ್ನು ಕೇಳಲೆಂದೇ ಮುದ್ದೇಬಿಹಾಳದ ಬಸ್ಸು ಹತ್ತಿದ. ಟೆಂಟಿನಲ್ಲಿ ನೋಡಿದರೆ ಮಲ್ಲಣ್ಣ. ಸಂತೆಗೆ ಬಂದಿದ್ದೆ ಎಂದ. ಅವತ್ತು ಸಂತೆ ಇರಲಿಲ್ಲ. ಆಟ ಮುಗಿದು ಟೇಪು ಶುರುವಾದದ್ದೇ ತಡ, ಮಂದಿ ಚಪ್ಪಲಿ ಹುಡುಕುತ್ತ ಎದ್ದರು. ಇಬ್ಬರೇ ಉಳಿದರು.

"ಈ ಸಪ್ಪಳ ಭಾಳ ಚಂದ ಐತ್ರಿ," ಅಂದ ಮಲ್ಲಣ್ಣ, ಕಣ್ಣು ಮುಚ್ಚಿ.

"ಅದು ನಿಮ್ಮ ಪೇಟಿರಿ ಮಾಸ್ತರ."

"ಅಲ್ರಿ ಸಾಬರ, ನಿಮ್ಮ ಕುಂಯ್."

ಯಾರದೆಂದು ಇತ್ಯರ್ಥವಾಗುವ ಮೊದಲೇ ಗೇಟಿನವ ಬಂದು ಇಬ್ಬರನ್ನೂ ಎಬ್ಬಿಸಿ ಹೊರಗೆ ಹಾಕಿದ.