ಒಳಲೆಗೆ ಹಿಡಿದ ನಲ್ಲಿ ನೀರು

ಎಳೆಕೂಸುಗಳ ವಾರ್ಡಿನಲ್ಲಿ ನಾಲ್ಕು ದಿನದಲ್ಲಿ ಮೂರು ಮಕ್ಕಳ ರಕ್ತಕ್ಕೆ ಸೋಂಕು ತಗಲಿತ್ತು. ಒಂದು ಉಳಿಯಲಿಲ್ಲ. ಅದರ ಪಕ್ಕದ ಬೆಚ್ಚನೆಯ ಪೆಟ್ಟಿಗೆಯಲ್ಲೇ ಇನ್ನೊಂದು ಕೂಸು ಮಲಗಿತ್ತು. ಗಾಜಿನ ಬಾಗಿಲ ಹೊರಗೆ ನಿಂತ ಆ ಕೂಸಿನ ಚಿಕ್ಕಮ್ಮನ ಜೀವ ಬಾಯಿಗೆ ಬಂದಿತ್ತು.

ಸೋಂಕಿನ ಮೂಲ ಹುಡುಕುವ ನರ್ಸಮ್ಮ ಒಬ್ಬೊಬ್ಬರನ್ನೇ ವಿಚಾರಿಸುತ್ತಾ ಬರುತ್ತಿದ್ದರು.

ಕೂಸಿನ ಅಜ್ಜಿ ಪಕ್ಕದಲ್ಲಿದ್ದ ಮಗಳ ಸೆರಗು ಜಗ್ಗಿದರು. "ಬಾಯಿ ಬಿಡಬೇಡ ಕಣೇ. ಎಲ್ಲಾ ನಮ್ಮ ತಲೆಗೇ ಕಟ್ತಾರೆ. ಮಗೂನ ಎತ್ಕೊಂಡು ಮನೆಗೆ ಹೋಗೋಣ."

"ಮನೇಲಿ ಆ ಪೆಟ್ಟಿಗೆ ಎಲ್ಲಿದೆಯಮ್ಮ?"

"ನಿನ್ನನ್ನ ಯಾವ ಪೆಟ್ಟಿಗೇಲಿಟ್ಟು ಸಾಕಿದ್ದೆ? ನನ್ನ ಮಡಿಲಲ್ಲೇ ಬೆಳೀಲಿಲ್ವಾ? ಆಗ ನಿನಗೆ ಇಷ್ಟು ಬಾಯಿ ಇರ್ಲಿಲ್ಲ, ಅಷ್ಟೇ."

ಹೆರಿಗೆ ವಾರ್ಡಿನಲ್ಲಿ ಮಲಗಿದ್ದ ಅಕ್ಕ ಹಿಂಡಿಕೊಟ್ಟ ಹಾಲನ್ನು ಮೂತಿಯಿರುವ ಪುಟ್ಟ ಬಟ್ಟಲಾದ ಒಳಲೆಯಲ್ಲಿ ಕುಡಿಸುತ್ತಿದ್ದವಳು ಚಿಕ್ಕಮ್ಮನೇ. ಕುದಿನೀರಿನಿಂದ ತೆಗೆದ ಒಳಲೆ ಕೈ ಸುಡುತ್ತಿತ್ತು. ಕೈತೊಳೆಯುವ ನಲ್ಲಿಗೆ ಹಿಡಿದು ತಣ್ಣಗೆ ಮಾಡಿಕೊಳ್ಳುತ್ತಿದ್ದಳು. ಸುಟ್ಟ ಬೆರಳಿಗೆ ಬಾಯಿಂದ ಊದುತ್ತಿದ್ದ ಪಕ್ಕದ ತಾಯಿಗೂ ಅದನ್ನೇ ತೋರಿಸಿಕೊಟ್ಟಿದ್ದಳು. ಉಳಿಯದ ಮಗು ಆ ತಾಯಿಯದು.

"ನೀವೇನಮ್ಮಾ, ಹಾಲು ಹೇಗೆ ಕುಡಿಸ್ತೀರಿ?" ನರ್ಸಮ್ಮ ಎದುರಿಗೇ ನಿಂತಿದ್ದರು.

"ಎಲ್ಲರ ಹಾಗೇನೇ," ಎಂದರು ಅಜ್ಜಿ.

ಚಿಕ್ಕಮ್ಮ ಅಜ್ಜಿಯ ಕೈಯಿಂದ ಸೆರಗು ಬಿಡಿಸಿಕೊಂಡಳು. "ಸಿಸ್ಟರ್, ಬೆಳಿಗ್ಗೆಯಿಂದ ಮಗು ಹಾಲು ನುಂಗ್ತಿಲ್ಲ. ಮೈ ತಣ್ಣಗಿದೆ. ನಾನು... ನಾನು ಕುದಿಸಿದ ಒಳಲೇನ ಆ ಕೈತೊಳೆಯೋ ನಲ್ಲಿಗೆ ಹಿಡಿದು ಆರಿಸ್ತಿದ್ದೆ. ಪಕ್ಕದವರಿಗೂ ಹಾಗೇ ಹೇಳಿಕೊಟ್ಟೆ."

ನರ್ಸಮ್ಮ ಬೈಯಲಿಲ್ಲ, ಡಾಕ್ಟರನ್ನು ಕರೆಯಲು ಓಡಿದರು. ತಕ್ಷಣವೇ ಮಗುವಿನ ರಕ್ತ ತೆಗೆದು ಔಷಧಿ ಶುರು ಮಾಡಿದರು. ನಲ್ಲಿಯ ಬಾಯನ್ನು ಹತ್ತಿಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು.

ಮೂರನೆಯ ದಿನ ಫಲಿತಾಂಶ ಬಂತು. ನಲ್ಲಿಯಲ್ಲಿದ್ದ ರೋಗಾಣುವೇ ಮಕ್ಕಳ ರಕ್ತದಲ್ಲೂ ಇತ್ತು.

"ಆ ಮಗು ಹೋಗಿದ್ದು ನನ್ನಿಂದಾನಾ?"

ನರ್ಸಮ್ಮ ಅವಳ ಪಕ್ಕ ಕೂತರು. "ಅದೇ ನಲ್ಲಿ ಪಕ್ಕ ನಾವೂ ಔಷಧಿ ಬೆರೆಸ್ತಿದ್ವಿ, ಅದಕ್ಕೂ ಹನಿ ಸಿಡಿದಿರಬಹುದು. ಯಾವುದರಿಂದ ಅಂತ ಹೇಳೋಕೆ ಬರಲ್ಲಮ್ಮ. ನೀವು ಹೇಳದೇ ಇದ್ದಿದ್ರೆ ಇನ್ನೂ ಎಷ್ಟು ಮಕ್ಕಳೋ."

ನಲ್ಲಿ ಮುಚ್ಚಿದರು, ಔಷಧಿ ಮೇಜನ್ನು ದೂರ ಸರಿಸಿದರು. ಐದನೆಯ ದಿನ ಮಗು ಒಂದು ಗುಟುಕು ನುಂಗಿತು. ಅಜ್ಜಿ ಕಣ್ಣೊರೆಸಿಕೊಂಡರು. "ಡಾಕ್ಟ್ರು ಕಳಿಸೋವರೆಗೂ ಇಲ್ಲಿಂದ ಎತ್ತಲ್ಲ. ನೀನು ಕಂಡಿದ್ದನ್ನೆಲ್ಲ ಹೇಳ್ತಾ ಇರು." ಪಕ್ಕದ ಖಾಲಿ ಪೆಟ್ಟಿಗೆಯತ್ತ ಮಾತ್ರ ಚಿಕ್ಕಮ್ಮನಿಗೆ ನೋಡಲಾಗಲಿಲ್ಲ.

ತಾಯಂದಿರೇ, ಅಜ್ಜಿಯರೇ, ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಇಲ್ಲವೇ ಸುಡುತ್ತಿದ್ದರೆ, ಉಸಿರು ಜೋರಾದರೆ ಕಾಯಬೇಡಿ, ಆಗಲೇ ನರ್ಸಿಗೆ ಹೇಳಿ. ಕುದಿಸಿದ ಒಳಲೆ ತಾನಾಗಿಯೇ ಆರಲಿ. ವಿಚಾರಿಸಲು ಬಂದವರ ಮುಂದೆ ಮಾಡಿದ್ದನ್ನು ಮಾಡಿದ ಹಾಗೇ ಹೇಳಿಬಿಡಿ. ಬೈದರೆ ಬೈಯಲಿ, ಮಗು ಉಳಿಯಲಿ.