ಊಟದ ಕೋಣೆಗೊಂದು ದೀಪ

“ಒಂದಲ್ಲ ಒಂದು ದಿನ ದೊಡ್ಡ ದೀಪದ ಕೆಳಗೆ ಎದುರುಬದುರು ಕೂತು ಉಣ್ಣೋಣ ಕಣೇ” ಎಂದು ದಂತವೈದ್ಯ ಹೆಂಡತಿಗೆ ಮಾತು ಕೊಟ್ಟಾಗ ಅವನ ತಲೆಯಲ್ಲಿ ಕೂದಲಿತ್ತು. ಆಮೇಲೆ ಮನೆಯಾಯಿತು, ಮಗಳಾದಳು, ಊಟದ ಕೋಣೆಯೂ ಆಯಿತು. ಆ ಕೋಣೆಯ ಸೂರಿನಿಂದ ಎರಡು ವೈರುಗಳು ಮಾತ್ರ ಕಿತ್ತ ನರಗಳ ಹಾಗೆ ಇಳಿಬಿದ್ದೇ ಇದ್ದವು.

ಅವನ ಊಟ ಟೀವಿಯ ಮುಂದೆ. ಹೆಂಡತಿಯದು ಒಲೆಯ ಪಕ್ಕ, ನಿಂತುಕೊಂಡು. ಮಗಳದು ಬಾಗಿಲು ಹಾಕಿಕೊಂಡು. ಊಟದ ಮೇಜಿನ ಸುತ್ತ ಇಸ್ತ್ರಿಯಾಗದ ಬಟ್ಟೆಗಳು ಕೂತಿರುತ್ತಿದ್ದವು, ಸಂಸಾರದ ಪರವಾಗಿ.

ಮೊನ್ನೆ ಹೆಂಡತಿ, ಹಾಲು ಮುಗಿದಿದೆ ಎನ್ನುವ ಧಾಟಿಯಲ್ಲಿ ಹೇಳಿದಳು: “ಆ ಕೋಣೆ ಸುಮ್ನೆ ಬಿದ್ದಿದೆ. ನನ್ನ ಮಂಚ ಅಲ್ಲಿಗೆ ಹಾಕ್ಕೋತೀನಿ.”

“ಯಾಕೆ, ಗೊರಕೆ ಹೊಡೀತೀನಾ?”

“ಹೊಡೆದಿದ್ರೆ ಪಕ್ಕದಲ್ಲಿ ಯಾರೋ ಇದಾರೆ ಅಂತಾದ್ರೂ ಗೊತ್ತಾಗ್ತಿತ್ತು ಬಿಡಿ.”

ಮಂಚ ಒಮ್ಮೆ ಹೊಸ್ತಿಲು ದಾಟಿದರೆ ಮರಳಿ ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು. ಹೊಳೆದದ್ದನ್ನು ಹೇಳುವ ಅಭ್ಯಾಸ ಅವನಿಗಿರಲಿಲ್ಲ. “ಭಾನುವಾರ ಹೋಗಿ ದೀಪ ತರೋಣ” ಎಂದ.

ಅಂಗಡಿಯ ಮಹಡಿಯಲ್ಲಿ ದೀಪಗಳು ತಲೆಕೆಳಗಾಗಿ ನೇತಾಡುತ್ತ ಹಾಡುಹಗಲಲ್ಲೇ ಉರಿಯುತ್ತಿದ್ದವು.

“ಊಟಕ್ಕೆ ಎಷ್ಟು ಜನ ಕೂತ್ಕೋತೀರಿ ಸಾರ್?” ಸೇಲ್ಸ್‌ಮನ್ ಕೇಳಿದ.

“ಮೂರು” ಎಂದ ದಂತವೈದ್ಯ.

“ಸೊನ್ನೆ” ಎಂದಳು ಮಗಳು, ಕಿವಿಯಲ್ಲಿ ಹಾಡು ತುರುಕಿಕೊಂಡೇ.

“ಎಲ್ಲಾ ಮನೇಲೂ ಇದೇ ಲೆಕ್ಕ ಬಿಡಿ ಸಾರ್.” ಸೇಲ್ಸ್‌ಮನ್ ಹಲ್ಲು ಕಿರಿದ. ಮೇಲಿನ ಸಾಲಿನಲ್ಲಿ ಎರಡು ಹುಳುಕು. ಮನುಷ್ಯರು ದಂತವೈದ್ಯನಿಗೆ ಕಾಣುತ್ತಿದ್ದದ್ದೇ ಅಷ್ಟು: ಮೂಗಿನಿಂದ ಕೆಳಗೆ, ಗಲ್ಲದಿಂದ ಮೇಲೆ.

ನಡುವೆ ಒಂದು ಮೇಜು ಹಾಕಿದ್ದರು, ನೋಡುವವರಿಗೆಂದು. ಯಾರೂ ಹೊತ್ತೊಯ್ಯದ ಹಾಗೆ ತಟ್ಟೆಗಳನ್ನು ಅಂಟು ಹಾಕಿ ಕೂರಿಸಿದ್ದರು.

“ಕೂತ್ಕೊಳ್ಳಿ ಸಾರ್. ದೀಪಾನ ನೋಡಬಾರದು. ದೀಪದಲ್ಲಿ ಮನೆಯವರ ಮುಖ ನೋಡಬೇಕು.”

ಮೂವರೂ ಕೂತರು. ಮೊಣಕಾಲುಗಳು ತಾಗಿದ್ದಕ್ಕೆ ಪರಸ್ಪರ ಕ್ಷಮೆ ಕೇಳಿದರು. ಮಗಳು ಹಸಿವು ಎಂದಳು. ಹೆಂಡತಿ ಚೀಲದಿಂದ ಬನ್ನು ತೆಗೆದು, ಮುರಿದು, ಮೂರು ತಟ್ಟೆಗಳಿಗೂ ಹಾಕಿದಳು.

ಸೇಲ್ಸ್‌ಮನ್ ಹಳದಿ ದೀಪ ಹಾಕಿದ. ಹೆಂಡತಿ, ಮಗಳು ಇಬ್ಬರೂ ತೀರಿಕೊಂಡವರ ಫೋಟೋದ ಹಾಗೆ ಸುಂದರವಾಗಿ ಕಂಡರು.

“ಬಿಳಿ ಹಾಕಿ” ಎಂದ ದಂತವೈದ್ಯ. ಕ್ಲಿನಿಕ್ಕಿನಲ್ಲಿ ದಿನವಿಡೀ ಅವನು ನಂಬುತ್ತಿದ್ದದ್ದು ಆ ಬೆಳಕನ್ನೇ.

“ಊಟಕ್ಕೆ ಬಿಳಿ ಬೇಡ ಸಾರ್. ಎಲ್ಲಾ ಕಾಣ್ಸುತ್ತೆ.”

“ಕಾಣ್ಲಿ. ಕಾಣೋಕೆ ತಾನೇ ದೀಪ ಹಾಕೋದು?”

ಬಿಳಿ ಹತ್ತಿತು. ಹೆಂಡತಿ ಬನ್ನನ್ನು ಒಂದೇ ಕಡೆಯಿಂದ ಅಗಿಯುತ್ತಿದ್ದಳು.

“ಬಾಯಿ ತೆಗಿ.”

“ಇಲ್ಲೇನಾ?”

“ತೆಗಿ ಅಂದೆ.”

ತೆಗೆದಳು, ಬನ್ನಿನ ಸಮೇತ. ಎಡಗಡೆ, ಕೆಳಗಿನ ದವಡೆ ಹಲ್ಲು ಇರಲಿಲ್ಲ. ವಸಡು ಮಾಗಿ ನುಣ್ಣಗಾಗಿತ್ತು.

“ಯಾವಾಗ ಕೀಳಿಸಿದ್ದು?”

“ಎರಡು ವರ್ಷ ಆಯ್ತೇನೋ.”

“ಯಾರ ಹತ್ರ?”

“ಬಸ್ ಸ್ಟ್ಯಾಂಡ್ ಎದುರಿಗಿನ ಡಾಕ್ಟ್ರು.”

“ಅವನಾ? ಅವನು ಕಟುಕ ಕಣೇ!”

“ಚೆನ್ನಾಗೇ ಕಿತ್ರು. ಕೀಳೋಕೆ ಮುಂಚೆ, ಭಯ ಆಗ್ತಿದೆಯಾಮ್ಮ ಅಂತ ಕೇಳಿದ್ರು.”

“ನಂಗೆ ಒಂದು ಮಾತು ಹೇಳೋಕೇನಾಗಿತ್ತು?”

“ಹೇಳಿದ್ನಲ್ಲ. ರಿಸೆಪ್ಷನ್ ಹುಡುಗಿ ಹತ್ರ ಟೈಮ್ ತಗೋ ಅಂದ್ರಿ. ಅವಳು, ಮುಂದಿನ ತಿಂಗಳು ಬನ್ನಿ ಮೇಡಂ ಅಂದ್ಲು.”

ಅವನು ಮಗಳ ಕಡೆ ತಿರುಗಿದ. “ನಿಂಗೆ ಗೊತ್ತಿತ್ತಾ?”

“ಅಮ್ಮನ ಕೆನ್ನೆ ಇಷ್ಟು ದಪ್ಪ ಊದಿತ್ತಪ್ಪ. ಹಾಲಿನವನಿಗೂ ಗೊತ್ತಿತ್ತು.”

ಊರಿನ ಬಾಯಿಯನ್ನೆಲ್ಲ ನೋಡಿದ ದಂತವೈದ್ಯನಿಗೆ ತನ್ನ ಬಾಯಿ ಎಲ್ಲಿದೆ ಎಂಬುದೇ ಮರೆತಂತಾಯಿತು. ಏನೋ ಹೇಳಬೇಕಿತ್ತು. ಅದನ್ನು ತನ್ನ ಪಾಲಿನ ಬನ್ನಿನ ಜೊತೆ ನುಂಗಿದ. ಕೊನೆಗೆ ಹೊರಬಂದದ್ದು: “ಹಳದೀನೇ ಇರಲಿ.”

ಹೆಂಡತಿ ಅಷ್ಟರಲ್ಲಿ ಸೇಲ್ಸ್‌ಮನ್ ಕಡೆ ತಿರುಗಿದ್ದಳು. “ಮಲ್ಕೊಂಡು ಓದೋಕೆ ಗೋಡೆಗೆ ಹಾಕೋ ಥರದ್ದು ಇದೆಯಾ? ಮಂಚದ ತಲೆಕಡೆಗೆ?”

“ಬೇಕಾದಷ್ಟಿದೆ ಮೇಡಂ. ಇಬ್ರಿಗಾ, ಒಬ್ರಿಗಾ?”

“ಒಬ್ರಿಗೆ.”

ಅವಳು ಎದ್ದಳು. ಮಗಳೂ ಎದ್ದಳು. ಆ ಕುರ್ಚಿಗಳಿಗಾಗಿ ಹಿಂದೆ ಇನ್ನೊಂದು ಸಂಸಾರ ಕಾದು ನಿಂತಿತ್ತು. ಉಂಡ ತಟ್ಟೆಯನ್ನು ಹಾಗೇ ಬಿಟ್ಟೇಳುವುದು ಚೆನ್ನಾಗಿರದೆಂದು ದಂತವೈದ್ಯ ತನ್ನದಕ್ಕೆ ಕೈಹಾಕಿದ. ಅದು ಬರಲಿಲ್ಲ. ಎಡಕ್ಕೆ ಅಲುಗಿಸಿದ, ಬಲಕ್ಕೆ ಅಲುಗಿಸಿದ, ಮಣಿಕಟ್ಟು ಬಿಗಿಮಾಡಿ ಎಳೆದ. ಮೇಜು ಇಡಿಯಾಗಿ ಕಿರುಗುಟ್ಟುತ್ತ ಅವನ ಕಡೆಗೆ ಜರುಗಿತು. ಕಾದು ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು.

ದೊಡ್ಡ ದೀಪದ ಕೆಳಗೆ ಎದುರುಬದುರು ಕೂತು ಅವರು ಉಂಡಿದ್ದರು. ಕೊಟ್ಟ ಮಾತು ನಡೆದಿತ್ತು.